ಸ್ಪೋರ್ಟ್ಸ್ ಕಾರಿನ ಎಂಜಿನ್ ಆಯ್ಕೆ: ರಸ್ತೆ ಮತ್ತು ರೇಸ್ ಟ್ರ್ಯಾಕ್

ಸ್ಪೋರ್ಟ್ಸ್ ಕಾರಿನ ಎಂಜಿನ್ ಆಯ್ಕೆ ಮೂರು ಪ್ರಶ್ನೆಗಳ ಮೇಲೆ ನಿಂತಿದೆ: ಎಂಜಿನ್ ಯಾವ ತಿರುಗುವೇಗದಲ್ಲಿ ಹೆಚ್ಚು ಹೊತ್ತು ದುಡಿಯಬೇಕು, ಪೂರ್ಣ ಹೊರೆಯನ್ನು ಎಷ್ಟು ಹೊತ್ತು ಹೊರಬೇಕು, ಹುಟ್ಟಿದ ಬಿಸಿಯನ್ನು ಎಷ್ಟು ಬೇಗ ಹೊರಗೆ ಹಾಕಬೇಕು. ಊರಿನ ಬೀದಿ, ಹೆದ್ದಾರಿ, ಘಾಟಿ ರಸ್ತೆಗಳಲ್ಲಿ ಈ ಪ್ರಶ್ನೆಗಳಿಗೆ ಸಿಗುವ ಉತ್ತರ ಒಂದು. ಮುಚ್ಚಿದ ರೇಸ್ ಟ್ರ್ಯಾಕಿನಲ್ಲಿ ಸಿಗುವ ಉತ್ತರ ಇನ್ನೊಂದು. ತಯಾರಕರು ಘೋಷಿಸುವ ಗರಿಷ್ಠ ಅಶ್ವಶಕ್ತಿ ಈ ಮೂರರಲ್ಲಿ ಯಾವುದಕ್ಕೂ ನೇರವಾಗಿ ಉತ್ತರಿಸುವುದಿಲ್ಲ. ಒಂದೇ ಅಶ್ವಶಕ್ತಿಯ ಎರಡು ಎಂಜಿನ್‌ಗಳಲ್ಲಿ ಒಂದು ಪೇಟೆಯ ಸಂದಣಿಯಲ್ಲಿ ಹಿತವಾಗಿದ್ದು, ಟ್ರ್ಯಾಕಿನಲ್ಲಿ ಮೂರನೆಯ ಲ್ಯಾಪಿಗೇ ಸುಸ್ತಾಗಬಹುದು. ಇನ್ನೊಂದು ಟ್ರ್ಯಾಕಿನಲ್ಲಿ ದಿನವಿಡೀ ಓಡಿ, ಪೇಟೆಯಲ್ಲಿ ಚಾಲಕನ ತಾಳ್ಮೆಗೆಡಿಸಬಹುದು.

ಟಾರ್ಕ್ ಮತ್ತು ಸಾಮರ್ಥ್ಯ

ಕ್ರ್ಯಾಂಕ್‌ಶಾಫ್ಟನ್ನು ತಿರುಗಿಸುವ ಬಲದ ಅಳತೆಯೇ ಟಾರ್ಕ್. ಇದನ್ನು ನ್ಯೂಟನ್ ಮೀಟರುಗಳಲ್ಲಿ ಅಳೆಯುತ್ತಾರೆ. ಆ ಟಾರ್ಕ್ ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆ ಎಂಬುದು ಸಾಮರ್ಥ್ಯ; ಅದರ ಅಳತೆ ಕಿಲೋವ್ಯಾಟ್ ಅಥವಾ ಅಶ್ವಶಕ್ತಿ. ಟಾರ್ಕನ್ನು ನಿಮಿಷಕ್ಕೆ ಎಂಜಿನ್ ಸುತ್ತುವ ಸಂಖ್ಯೆಯಿಂದ, ಅಂದರೆ ಆರ್‌ಪಿಎಂನಿಂದ ಗುಣಿಸಿ 9,550ರಿಂದ ಭಾಗಿಸಿದರೆ ಸಾಮರ್ಥ್ಯ ಕಿಲೋವ್ಯಾಟುಗಳಲ್ಲಿ ಸಿಗುತ್ತದೆ. 200 ನ್ಯೂಟನ್ ಮೀಟರ್ ಟಾರ್ಕ್ 3,000 ಆರ್‌ಪಿಎಂನಲ್ಲಿ ಸುಮಾರು 63 ಕಿಲೋವ್ಯಾಟ್ ಕೊಟ್ಟರೆ, ಅಷ್ಟೇ ಟಾರ್ಕ್ 8,000 ಆರ್‌ಪಿಎಂನಲ್ಲಿ 167 ಕಿಲೋವ್ಯಾಟಿಗೂ ಹೆಚ್ಚು ಕೊಡುತ್ತದೆ.

ಈ ಲೆಕ್ಕದಿಂದ ಸಾಮರ್ಥ್ಯ ಹೆಚ್ಚಿಸುವ ಮೂರು ದಾರಿಗಳು ಕಾಣುತ್ತವೆ. ಸಿಲಿಂಡರುಗಳ ಒಟ್ಟು ಗಾತ್ರವನ್ನು ಹಿಗ್ಗಿಸುವುದು ಒಂದು. ಎಂಜಿನ್ನನ್ನು ಹೆಚ್ಚು ವೇಗವಾಗಿ ಸುತ್ತಿಸುವುದು ಎರಡನೆಯದು. ಟರ್ಬೊ ಅಥವಾ ಸೂಪರ್‌ಚಾರ್ಜರ್ ಮೂಲಕ ಸಿಲಿಂಡರಿಗೆ ಒತ್ತಡದಿಂದ ಗಾಳಿ ತುಂಬುವುದು ಮೂರನೆಯದು. ದೊಡ್ಡ ಎಂಜಿನ್ ತೂಕವನ್ನೂ ಜಾಗವನ್ನೂ ಬೇಡುತ್ತದೆ. ಹೆಚ್ಚು ಸುತ್ತುವ ಎಂಜಿನ್ ಬಲವಾದ ಬಿಡಿಭಾಗಗಳನ್ನು ಬೇಡುತ್ತದೆ, ಕೆಳಗಿನ ಆರ್‌ಪಿಎಂನಲ್ಲಿ ಸಪ್ಪೆಯಾಗಿರುತ್ತದೆ. ಒತ್ತಡದ ಗಾಳಿ ಕುಡಿಯುವ ಎಂಜಿನ್ ಬಿಸಿಯ ಹೊರೆಯನ್ನು ಹೊತ್ತುಕೊಂಡೇ ಬರುತ್ತದೆ. ಬೇರೆ ಬೇರೆ ಸ್ಪೋರ್ಟ್ಸ್ ಕಾರುಗಳ ಎಂಜಿನ್‌ಗಳೆಲ್ಲ ಈ ಮೂರು ದಾರಿಗಳ ನಡುವಿನ ಹೊಂದಾಣಿಕೆಗಳೇ.

ರಸ್ತೆಯ ಬೇಡಿಕೆ

ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒಂದೇ ಸಮನೆ ಸಾಗಲು ಸಾಧಾರಣ ಸ್ಪೋರ್ಟ್ಸ್ ಕಾರಿಗೆ 15ರಿಂದ 20 ಅಶ್ವಶಕ್ತಿ ಸಾಕು. 400 ಅಶ್ವಶಕ್ತಿಯ ಎಂಜಿನ್ ಆಗ ತನ್ನ ತಾಕತ್ತಿನ ಇಪ್ಪತ್ತನೆಯ ಒಂದು ಭಾಗದಲ್ಲಿ ತೂಕಡಿಸುತ್ತಿರುತ್ತದೆ. ಓವರ್‌ಟೇಕ್ ಮಾಡುವಾಗ, ಹೆದ್ದಾರಿ ಸೇರುವಾಗ, ಘಾಟಿ ಏರುವಾಗ ಮಾತ್ರ ಕೆಲವೇ ಸೆಕೆಂಡುಗಳ ಕಾಲ ಅದರ ಪೂರ್ಣಶಕ್ತಿ ಬೇಕಾಗುತ್ತದೆ. ಬಾಕಿ ಸಮಯವೆಲ್ಲ ಅದು 1,500ರಿಂದ 4,000 ಆರ್‌ಪಿಎಂ ನಡುವೆ, ಅರೆಬರೆ ತೆರೆದ ಥ್ರಾಟಲ್‌ನಲ್ಲಿ ಓಡುತ್ತದೆ.

ಆದ್ದರಿಂದ ರಸ್ತೆಯ ಎಂಜಿನ್ನಿಗೆ ಬೇಕಾದ ಮೊದಲ ಗುಣ ಕೆಳಗಿನ ಮತ್ತು ನಡುವಿನ ಆರ್‌ಪಿಎಂನಲ್ಲಿ ಧಾರಾಳವಾಗಿ ಸಿಗುವ ಟಾರ್ಕ್. ಆಡುಮಾತಿನಲ್ಲಿ ‘ಪಿಕಪ್’ ಎನ್ನುವುದು ಇದನ್ನೇ. ಟಾರ್ಕಿನ ರೇಖೆ ಮಟ್ಟಸವಾಗಿದ್ದರೆ ಗೇರ್ ಬದಲಿಸದೆಯೇ ಆಕ್ಸಿಲರೇಟರ್ ಒತ್ತಿದ ತಕ್ಷಣ ಕಾರು ಮುನ್ನುಗ್ಗುತ್ತದೆ. ಇದರ ಜೊತೆಗೆ ಚಳಿಯಲ್ಲೂ ಸಲೀಸಾಗಿ ಸ್ಟಾರ್ಟ್ ಆಗುವುದು, ಸಿಗ್ನಲ್‌ನಲ್ಲಿ ನಿಂತಾಗ ನಡುಗದೆ ಐಡ್ಲಿಂಗ್ ಆಗುವುದು, ಸಂದಣಿಯಲ್ಲಿ ತೆವಳುವಾಗ ಬಿಸಿಯೇರದಿರುವುದು, ಹೊಗೆ ಮತ್ತು ಸದ್ದಿನ ನಿಯಮಗಳಿಗೆ ಒಳಪಡುವುದು, ಸಾಮಾನ್ಯ ಬಂಕಿನ ಪೆಟ್ರೋಲಿನಲ್ಲಿ ಓಡುವುದು, ಸರ್ವಿಸ್‌ಗಳ ನಡುವೆ ಸಾವಿರಾರು ಕಿಲೋಮೀಟರ್ ಬಾಳುವುದು – ಇವೆಲ್ಲ ರಸ್ತೆಯ ಅಗತ್ಯಗಳು.

ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟಿನ ಆಕಾರದಲ್ಲಿ ಈ ಅಗತ್ಯ ಸ್ಪಷ್ಟವಾಗಿ ಕಾಣುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಹೆಚ್ಚು ಗಾಳಿ ಎಳೆದುಕೊಳ್ಳಲು ಕವಾಟಗಳು ಹೆಚ್ಚು ಹೊತ್ತು ತೆರೆದಿರಬೇಕು. ಒಳಬರುವ ಮತ್ತು ಹೊರಹೋಗುವ ಕವಾಟಗಳೆರಡೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರಬೇಕು. ಅದೇ ಏರ್ಪಾಡು ಕೆಳಗಿನ ಆರ್‌ಪಿಎಂನಲ್ಲಿ ಸುಟ್ಟ ಅನಿಲವನ್ನು ತಾಜಾ ಗಾಳಿಯೊಂದಿಗೆ ಬೆರೆಸಿ ಎಂಜಿನ್ನನ್ನು ಕುಂಟಿಸುತ್ತದೆ. ರೇಸ್ ಕ್ಯಾಮ್ ಹಾಕಿದ ಕಾರು ನಿಂತಲ್ಲೇ ಗುಡುಗುಡು ಎಂದು ಏರಿಳಿಯುವುದು ಇದೇ ಕಾರಣಕ್ಕೆ. ಕವಾಟಗಳ ಕಾಲ ಮತ್ತು ಎತ್ತರವನ್ನು ಓಡುತ್ತಿರುವಾಗಲೇ ಬದಲಿಸುವ ಹೋಂಡಾದ ವಿಟೆಕ್, ಕಾಲವನ್ನಷ್ಟೇ ಬದಲಿಸುವ ಬಿಎಂಡಬ್ಲ್ಯುನ ವಾನೋಸ್‌ನಂಥ ತಂತ್ರಗಳು ಈ ವಿರೋಧವನ್ನು ಬಹುಮಟ್ಟಿಗೆ ತಗ್ಗಿಸಿದವು. ಆದರೆ ಪೂರ್ತಿ ಅಳಿಸಲಿಲ್ಲ.

ಟ್ರ್ಯಾಕಿನ ಬೇಡಿಕೆ

ಟ್ರ್ಯಾಕಿನಲ್ಲಿ ಚಿತ್ರ ತಿರುಗುಮುರುಗಾಗುತ್ತದೆ. ಚಾಲಕ ನೇರದಾರಿಗಳಲ್ಲೆಲ್ಲ ಥ್ರಾಟಲನ್ನು ಪೂರ್ತಿ ತೆರೆದಿರುತ್ತಾನೆ, ಉಳಿದ ಹೊತ್ತು ಬ್ರೇಕ್ ಹಿಡಿದಿರುತ್ತಾನೆ ಇಲ್ಲವೇ ತಿರುವಿನಲ್ಲಿರುತ್ತಾನೆ. ಗೇರುಗಳನ್ನು ಆಯ್ದು ಎಂಜಿನ್ನನ್ನು ಸದಾ ಮೇಲಿನ ಆರ್‌ಪಿಎಂನಲ್ಲೇ ಇಟ್ಟಿರುವುದರಿಂದ 2,000 ಆರ್‌ಪಿಎಂನ ಟಾರ್ಕಿಗೆ ಅಲ್ಲಿ ಬೆಲೆಯಿಲ್ಲ. ಒಂದು ಗೇರಿನ ತುದಿಯಿಂದ ಮುಂದಿನ ಗೇರಿಗೆ ಹೋದಾಗ ಸಿಗುವ ಪಟ್ಟಿಯಲ್ಲಿ, ಅಂದರೆ ಗರಿಷ್ಠ ಮಿತಿಯ ಕೆಳಗಿನ 2,000ದಿಂದ 3,000 ಆರ್‌ಪಿಎಂನ ಅಂತರದಲ್ಲಿ, ಸರಾಸರಿ ಸಾಮರ್ಥ್ಯ ಎಷ್ಟಿದೆ ಎಂಬುದೇ ಲೆಕ್ಕ.

ಟ್ರ್ಯಾಕಿನ ಮೊದಲ ಶತ್ರು ಬಿಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನದ ಶಕ್ತಿಯ ಸುಮಾರು ಮೂರನೆಯ ಒಂದು ಭಾಗ ಮಾತ್ರ ಕೆಲಸವಾಗಿ ಬದಲಾಗುತ್ತದೆ. ಉಳಿದದ್ದು ಹೊಗೆ ಕೊಳವೆಯಲ್ಲಿ, ತಂಪುನೀರಿನಲ್ಲಿ, ಎಣ್ಣೆಯಲ್ಲಿ ಬಿಸಿಯಾಗಿ ಹೋಗುತ್ತದೆ. 300 ಅಶ್ವಶಕ್ತಿ ಉತ್ಪಾದಿಸುವ ಎಂಜಿನ್ ಅದೇ ಹೊತ್ತಿನಲ್ಲಿ ಅದರ ಸುಮಾರು ಎರಡರಷ್ಟು ಬಿಸಿಯನ್ನು ಹೊರಹಾಕುತ್ತಿರುತ್ತದೆ. ಹೆದ್ದಾರಿಯ 20 ಅಶ್ವಶಕ್ತಿಗೆ ಸಾಕಾಗುವ ರೇಡಿಯೇಟರ್ 20 ನಿಮಿಷಗಳ ಟ್ರ್ಯಾಕ್ ಓಟಕ್ಕೆ ಸಾಲದು. ಎಣ್ಣೆ ಅತಿಯಾಗಿ ಕಾದಾಗ ತೆಳುವಾಗಿ ಬೇರಿಂಗುಗಳ ನಡುವಿನ ಪೊರೆ ಹರಿಯುತ್ತದೆ. ಹೀಗಾಗಿ ಟ್ರ್ಯಾಕ್ ಕಾರಿಗೆ ಮೊದಲು ಜೋಡಿಸುವ ವಸ್ತು ಹಲವು ಸಲ ಎಣ್ಣೆಯ ಕೂಲರ್ ಆಗಿರುತ್ತದೆ. ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್‌ಗೂ ಬೇರೆ ಕೂಲರ್ ಬೇಕಾಗುವುದುಂಟು. ಬಿಸಿ ಹೆಚ್ಚಿದಂತೆ ನಾಕಿಂಗ್ ಎಂಬ ಅಕಾಲಿಕ ಸ್ಫೋಟದ ಅಪಾಯವೂ ಹೆಚ್ಚುತ್ತದೆ. ಆಧುನಿಕ ಎಂಜಿನ್ನಿನ ಗಣಕ ಇದನ್ನು ಗುರುತಿಸಿ ಕಿಡಿಯನ್ನು ತಡವಾಗಿಸುತ್ತದೆ. ಎಂಜಿನ್ ಉಳಿಯುತ್ತದೆ, ಅಶ್ವಶಕ್ತಿ ಇಳಿಯುತ್ತದೆ.

ಎರಡನೆಯ ಶತ್ರು ಎಣ್ಣೆಯ ಬರ. ಸಾಮಾನ್ಯ ಕಾರಿನ ಎಣ್ಣೆ ಎಂಜಿನ್ ತಳದ ತಟ್ಟೆಯಲ್ಲಿ ನಿಂತಿರುತ್ತದೆ. ಪಂಪು ಅಲ್ಲಿಂದ ಹೀರುತ್ತದೆ. ರೇಸ್ ಟೈರುಗಳ ಹಿಡಿತದಿಂದ ಕಾರು ಗುರುತ್ವಕ್ಕೆ ಸಮನಾದ ಬಲದಲ್ಲಿ ತಿರುಗಿದಾಗ ಎಣ್ಣೆಯೆಲ್ಲ ತಟ್ಟೆಯ ಒಂದು ಗೋಡೆಗೆ ಏರಿ ಪಂಪಿನ ಬಾಯಿ ಬರಿದಾಗುತ್ತದೆ. ಪೂರ್ಣ ಹೊರೆಯಲ್ಲಿ ಬೇರಿಂಗ್ ಕಿತ್ತುಹೋಗಲು ಕೆಲವೇ ಸೆಕೆಂಡು ಸಾಕು. ತಟ್ಟೆಯೊಳಗೆ ತಡೆಗೋಡೆಗಳನ್ನು ಕೂಡಿಸುವುದು, ಒತ್ತಡದಲ್ಲಿ ಎಣ್ಣೆಯನ್ನು ಕೂಡಿಟ್ಟು ಬೇಕಾದಾಗ ಬಿಡುವ ಡಬ್ಬಿಯನ್ನು ಜೋಡಿಸುವುದು ಅಗ್ಗದ ಪರಿಹಾರಗಳು. ಪೂರ್ಣ ಪರಿಹಾರ ಡ್ರೈ ಸಂಪ್: ಹಲವು ಪಂಪುಗಳು ತಳದ ಎಣ್ಣೆಯನ್ನು ಬಿದ್ದಂತೆಯೇ ಎಳೆದು ಪ್ರತ್ಯೇಕ ಎತ್ತರದ ಟ್ಯಾಂಕಿಗೆ ಹಾಕುತ್ತವೆ, ಇನ್ನೊಂದು ಪಂಪು ಅಲ್ಲಿಂದ ಎಂಜಿನ್ನಿಗೆ ಉಣಿಸುತ್ತದೆ. ತಳದ ತಟ್ಟೆ ತೆಳುವಾಗುವುದರಿಂದ ಎಂಜಿನ್ನನ್ನು ಕಾರಿನಲ್ಲಿ ಇನ್ನಷ್ಟು ಕೆಳಗೆ ಕೂರಿಸಬಹುದು ಎಂಬುದು ಇದರ ಉಪಲಾಭ.

ಮೂರನೆಯದು ಜಡತ್ವದ ಹೊಡೆತ. ಪಿಸ್ಟನ್ನು ಪ್ರತಿ ಸುತ್ತಿನಲ್ಲೂ ಎರಡು ಸಲ ನಿಂತು ದಿಕ್ಕು ಬದಲಿಸುತ್ತದೆ. ಅದರ ಮೇಲಿನ ಬಲ ಆರ್‌ಪಿಎಂನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: 6,000ದಿಂದ 9,000ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಬಲ ಎರಡೂಕಾಲು ಪಟ್ಟು. ಎರಕದ ಬದಲು ಬಡಿದು ಮಾಡಿದ ಪಿಸ್ಟನ್, ಟೈಟಾನಿಯಮ್ ಕನೆಕ್ಟಿಂಗ್ ರಾಡ್, ಗಟ್ಟಿ ಕವಾಟ ಸ್ಪ್ರಿಂಗುಗಳು ಟ್ರ್ಯಾಕ್ ಎಂಜಿನ್ನಿನಲ್ಲಿ ಬರುವುದು ಈ ಕಾರಣಕ್ಕೆ. ಅವುಗಳ ಬೆಲೆ ಹೆಚ್ಚು, ಕೆಲವುಗಳ ಆಯುಷ್ಯ ಕಡಿಮೆ. ರೇಸ್ ಎಂಜಿನ್ನನ್ನು ಕಿಲೋಮೀಟರಿನ ಬದಲು ಗಂಟೆಗಳ ಲೆಕ್ಕದಲ್ಲಿ ಬಿಚ್ಚಿ ಕಟ್ಟುತ್ತಾರೆ.

ಗಾಳಿ ಸೇವನೆಯ ಬಗೆ

ಟರ್ಬೊ ಇಲ್ಲದ, ವಾತಾವರಣದ ಒತ್ತಡದಲ್ಲೇ ಉಸಿರಾಡುವ ಎಂಜಿನ್ ಥ್ರಾಟಲ್ಲಿಗೆ ತಡವಿಲ್ಲದೆ, ನಿಖರವಾಗಿ ಪ್ರತಿಕ್ರಿಯಿಸುತ್ತದೆ. ತಿರುವಿನ ನಡುವೆ ಕಾಲ ಬೆರಳಿನ ಒಂದಿಷ್ಟು ಒತ್ತಡದಿಂದ ಹಿಂಚಕ್ರಗಳ ಹಿಡಿತವನ್ನು ಹದಗೊಳಿಸುವ ಚಾಲಕನಿಗೆ ಈ ಗುಣ ಅಮೂಲ್ಯ. ಬಿಸಿಯ ಹೊರೆಯೂ ಇದರಲ್ಲಿ ಕಡಿಮೆ.

ಟರ್ಬೊ ಎಂಜಿನ್ ಹೊರಹೋಗುವ ಹೊಗೆಯಿಂದಲೇ ಚಕ್ರ ತಿರುಗಿಸಿ ಗಾಳಿಯನ್ನು ಒತ್ತುತ್ತದೆ. ಇಂದಿನ ಸಣ್ಣ ಟರ್ಬೊಗಳು 2,000 ಆರ್‌ಪಿಎಂಗೆಲ್ಲ ಪೂರ್ಣ ಟಾರ್ಕ್ ಕೊಡುವುದರಿಂದ ರಸ್ತೆಗೆ ಹೇಳಿ ಮಾಡಿಸಿದಂತಿವೆ. ಟ್ರ್ಯಾಕಿನಲ್ಲಿ ಮಾತ್ರ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಲ್ಯಾಪಿನಿಂದ ಲ್ಯಾಪಿಗೆ ಕಾದು, ಒಳಹೋಗುವ ಗಾಳಿ ಬಿಸಿಯಾಗಿ, ಸಾಮರ್ಥ್ಯ ಕುಗ್ಗುವ ತೊಂದರೆ ಇದೆ. ದೊಡ್ಡ ಟರ್ಬೊ ಹಾಕಿದರೆ ಮೇಲಿನ ಸಾಮರ್ಥ್ಯ ಬರುತ್ತದೆ, ಆದರೆ ಕಾಲೊತ್ತಿದ ಮೇಲೆ ಶಕ್ತಿ ಬರುವವರೆಗಿನ ವಿಳಂಬ ಬೆಳೆಯುತ್ತದೆ. ಬೆಲ್ಟಿನಿಂದ ಓಡುವ ಸೂಪರ್‌ಚಾರ್ಜರ್‌ನಲ್ಲಿ ವಿಳಂಬವಿಲ್ಲ. ಆದರೆ ಅದು ಎಂಜಿನ್ನಿನ ಶಕ್ತಿಯನ್ನೇ ಒಂದಿಷ್ಟು ತಿನ್ನುತ್ತದೆ, ಎಂಜಿನ್ನಿನ ನೆತ್ತಿಯ ಮೇಲೆ ಕುಳಿತ ಮಾದರಿಗಳು ಬೇಗ ಕಾಯುತ್ತವೆ.

ಎತ್ತರದ ಪ್ರದೇಶಗಳಲ್ಲಿ ಟರ್ಬೊಗೆ ಇನ್ನೊಂದು ಅನುಕೂಲವಿದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿಗಿಂತ ಶೇಕಡಾ 8–9ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಹೆಚ್ಚುಕಡಿಮೆ ಅಷ್ಟೇ ಸಾಮರ್ಥ್ಯವನ್ನು ಕಳೆದುಕೊಳ್ಳುತ್ತದೆ. ಟರ್ಬೊ ತುಸು ಹೆಚ್ಚು ವೇಗವಾಗಿ ಸುತ್ತಿ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ಅಮೆರಿಕದ ಕೊಲರಾಡೊದಲ್ಲಿ 4,300 ಮೀಟರ್ ಎತ್ತರದಲ್ಲಿ ಮುಗಿಯುವ ಪೈಕ್ಸ್ ಪೀಕ್ ಬೆಟ್ಟದೋಟದಲ್ಲಿ ಇದರ ಪರಿಣಾಮ ಅತಿ ಹೆಚ್ಚು.

ವಿನ್ಯಾಸ, ತೂಕ ಮತ್ತು ಜಾಗ

ನಾಲ್ಕು ಸಿಲಿಂಡರಿನ ಎಂಜಿನ್ ಹಗುರ, ಅಗ್ಗ, ರಿಪೇರಿಗೆ ಸುಲಭ. ಸಾಲಾಗಿ ನಿಂತ ಆರು ಸಿಲಿಂಡರಿನದು ಸಹಜವಾಗಿಯೇ ನಯವಾಗಿ ತಿರುಗುತ್ತದೆ, ಆದರೆ ಉದ್ದ. ಪೋರ್ಶೆ ಮತ್ತು ಸುಬಾರು ಬಳಸುವ, ಸಿಲಿಂಡರುಗಳು ಎರಡೂ ಬದಿಗೆ ಮಲಗಿರುವ ವಿನ್ಯಾಸ ಕಾರಿನ ಗುರುತ್ವಕೇಂದ್ರವನ್ನು ತಗ್ಗಿಸುತ್ತದೆ. ವಿ8 ಗಿಡ್ಡಗೆ, ಅಗಲಕ್ಕೆ ಇದ್ದು ದೊಡ್ಡ ಗಾತ್ರವನ್ನು ಸಣ್ಣ ಜಾಗದಲ್ಲಿ ಅಡಕಮಾಡುತ್ತದೆ.

ವಿ8ರಲ್ಲಿಯೇ ರಸ್ತೆ ಮತ್ತು ಟ್ರ್ಯಾಕಿನ ಒಡಕು ಕ್ರ್ಯಾಂಕ್‌ಶಾಫ್ಟಿನಲ್ಲಿ ಕಾಣುತ್ತದೆ. ಕ್ರ್ಯಾಂಕಿನ ಮೊಣಕೈಗಳು ಶಿಲುಬೆಯ ಆಕಾರದಲ್ಲಿ 90 ಡಿಗ್ರಿ ಅಂತರದಲ್ಲಿರುವ ಕ್ರಾಸ್‌ಪ್ಲೇನ್ ಮಾದರಿ ನಯವಾಗಿ ಓಡುತ್ತದೆ, ಆದರೆ ಭಾರವಾದ ಸಮತೋಲನ ತೂಕಗಳನ್ನು ಬೇಡುತ್ತದೆ. ಎಲ್ಲ ಮೊಣಕೈಗಳೂ ಒಂದೇ ಸಮತಲದಲ್ಲಿರುವ ಫ್ಲ್ಯಾಟ್‌ಪ್ಲೇನ್ ಮಾದರಿ ಹಗುರವಾಗಿ ಬೇಗ ಸುತ್ತೇರುತ್ತದೆ, ಹೊಗೆಯ ಹರಿವೂ ಕ್ರಮಬದ್ಧ. ಬದಲಿಗೆ ಕಂಪನ ಹೆಚ್ಚು. ಫೆರಾರಿಯ ವಿ8ಗಳೂ 1967ರಲ್ಲಿ ಫಾರ್ಮುಲಾ ಒನ್‌ಗೆ ಬಂದ ಕಾಸ್‌ವರ್ತ್ ಡಿಎಫ್‌ವಿಯೂ ಫ್ಲ್ಯಾಟ್‌ಪ್ಲೇನ್ ಪರಂಪರೆಯವು.

ಮಾಜ್ದಾ ಬೆಳೆಸಿದ ರೋಟರಿ ಎಂಜಿನ್ನಿನಲ್ಲಿ ಪಿಸ್ಟನ್ನೇ ಇಲ್ಲ. ತ್ರಿಕೋನಾಕಾರದ ರೋಟರ್ ಗೂಡಿನೊಳಗೆ ಸುತ್ತುತ್ತದೆ. ಅದು ಚಿಕ್ಕದು, ಹಗುರ, ಸಲೀಸಾಗಿ ಸುತ್ತೇರುತ್ತದೆ. ನಾಲ್ಕು ರೋಟರುಗಳ ಮಾಜ್ದಾ 787ಬಿ 1991ರಲ್ಲಿ ಲ ಮಾನ್ 24 ಗಂಟೆಗಳ ಓಟವನ್ನು ಗೆದ್ದಿತು. ಇಂಧನ ಮತ್ತು ಎಣ್ಣೆ ಹೆಚ್ಚು ಕುಡಿಯುವುದು, ರೋಟರಿನ ತುದಿಯ ಸೀಲುಗಳು ಸವೆಯುವುದು, ಹೊಗೆ ನಿಯಮ ಬಿಗಿಯಾದದ್ದು ಅದನ್ನು ರಸ್ತೆಯಿಂದ ಹಿಂದೆ ಸರಿಸಿದವು. ಆರ್‌ಎಕ್ಸ್-8 ಕಾರಿನ ತಯಾರಿಕೆ 2012ರಲ್ಲಿ ನಿಂತಿತು.

ಎಂಜಿನ್ನಿನ ತೂಕ ಎಷ್ಟೆಂಬುದರಷ್ಟೇ ಅದು ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಮುಂಗಾಲಿಯ ಮುಂದೆ ಕೂಡಿಸಿದ ಭಾರದ ಎಂಜಿನ್ ಕಾರನ್ನು ತಿರುವಿನಲ್ಲಿ ಹೊರಕ್ಕೆ ಎಳೆಯುತ್ತದೆ, ಮುಂಟೈರುಗಳನ್ನೂ ಬ್ರೇಕುಗಳನ್ನೂ ಸವೆಸುತ್ತದೆ. 50 ಕಿಲೋಗ್ರಾಂ ಹೆಚ್ಚುವರಿ ಭಾರ ನೇರದಾರಿಯಲ್ಲಿ ಕಾಣಿಸದಿದ್ದರೂ ಪ್ರತಿ ತಿರುವಿನಲ್ಲಿ, ಪ್ರತಿ ಬ್ರೇಕಿನಲ್ಲಿ ಸಮಯವನ್ನು ಕಸಿಯುತ್ತದೆ.

ಕೆಲವು ನಿದರ್ಶನಗಳು

1999ರಲ್ಲಿ ಬಂದ ಹೋಂಡಾ ಎಸ್2000 ಕಾರಿನ ಇತಿಹಾಸ ಈ ಆಯ್ಕೆಯನ್ನು ಒಂದೇ ಕಾರಿನಲ್ಲಿ ತೋರಿಸುತ್ತದೆ. ಅದರ 2.0 ಲೀಟರಿನ ಎಫ್20ಸಿ ಎಂಜಿನ್ ಟರ್ಬೊ ಇಲ್ಲದೆ ಜಪಾನಿನಲ್ಲಿ 250 ಅಶ್ವಶಕ್ತಿ ಕೊಡುತ್ತಿತ್ತು. ಸುತ್ತುವ ಮಿತಿ 9,000 ಆರ್‌ಪಿಎಂ. ಆದರೆ ಗರಿಷ್ಠ ಟಾರ್ಕ್ ಕೇವಲ 218 ನ್ಯೂಟನ್ ಮೀಟರ್, ಅದೂ 7,500 ಆರ್‌ಪಿಎಂನಲ್ಲಿ. ಟ್ರ್ಯಾಕಿನಲ್ಲಿ ಹಾಡುವ ಈ ಎಂಜಿನ್ ಪೇಟೆಯಲ್ಲಿ ಬಡಕಲೆನಿಸುತ್ತದೆ ಎಂಬ ದೂರು ಕೇಳಿಬಂತು. 2004ರಲ್ಲಿ ಅಮೆರಿಕದ ಮಾರುಕಟ್ಟೆಗೆ ಪಿಸ್ಟನ್ನಿನ ಓಟವನ್ನು 84ರಿಂದ 90.7 ಮಿಲಿಮೀಟರಿಗೆ ಹೆಚ್ಚಿಸಿದ 2.2 ಲೀಟರಿನ ಎಂಜಿನ್ ಬಂತು. ಓಟ ಉದ್ದವಾದ್ದರಿಂದ ಸುತ್ತುವ ಮಿತಿಯನ್ನು 8,000ಕ್ಕೆ ಇಳಿಸಬೇಕಾಯಿತು. ಅಮೆರಿಕದಲ್ಲಿ ಘೋಷಿತ ಅಶ್ವಶಕ್ತಿ ಮೊದಲಿನಂತೆ 240ರಲ್ಲೇ ಉಳಿಯಿತು. ಆದರೆ ಅದು 8,300ರ ಬದಲು 7,800 ಆರ್‌ಪಿಎಂನಲ್ಲಿ ಸಿಕ್ಕಿತು, ನಡುವಿನ ಆರ್‌ಪಿಎಂನ ಟಾರ್ಕ್ ಹೆಚ್ಚಿತು. ಕಾಗದದ ಮೇಲಿನ ಅಶ್ವಶಕ್ತಿ ಬದಲಾಗದೆ ಕಾರಿನ ಸ್ವಭಾವ ಬದಲಾಯಿತು. ಯೂರೋಪಿನಲ್ಲಿ 2.0 ಲೀಟರಿನ ಮೂಲ ಎಂಜಿನ್ ಕೊನೆಯವರೆಗೂ ಮುಂದುವರಿಯಿತು.

ಟೊಯೋಟಾ 86 ಮತ್ತು ಸುಬಾರು ಬಿಆರ್‌ಝೆಡ್ ಜೋಡಿಯದೂ ಇಂಥದೇ ಕಥೆ. 2012ರ ಮೊದಲ ಪೀಳಿಗೆಯ 2.0 ಲೀಟರ್ ಎಂಜಿನ್ನಿನ 205 ನ್ಯೂಟನ್ ಮೀಟರ್ ಟಾರ್ಕ್ 6,400 ಆರ್‌ಪಿಎಂ ದಾಟಿದ ಮೇಲೆ ಸಿಗುತ್ತಿತ್ತು. ನಡುವಿನಲ್ಲಿ ಟಾರ್ಕಿನ ರೇಖೆ ಒಂದು ಹಳ್ಳಕ್ಕೆ ಬೀಳುತ್ತಿತ್ತು. 2021ರ ಎರಡನೆಯ ಪೀಳಿಗೆಯಲ್ಲಿ ಟರ್ಬೊ ಸೇರಿಸುವ ಬದಲು ಗಾತ್ರವನ್ನೇ 2.4 ಲೀಟರಿಗೆ ಏರಿಸಿದರು. 250 ನ್ಯೂಟನ್ ಮೀಟರ್ ಟಾರ್ಕ್ 3,700 ಆರ್‌ಪಿಎಂನಲ್ಲೇ ದೊರೆತು ಹಳ್ಳ ತುಂಬಿತು, ಥ್ರಾಟಲಿನ ನಿಖರತೆಯೂ ಉಳಿಯಿತು.

ಶೆವರ್ಲೆ ಕಾರ್ವೆಟ್‌ನ ಎಂಟನೆಯ ಪೀಳಿಗೆಯಲ್ಲಿ ಒಂದೇ ಚೌಕಟ್ಟಿಗೆ ಬೇರೆ ಬೇರೆ ವಿ8ಗಳಿವೆ. ಸ್ಟಿಂಗ್‌ರೇ ಮಾದರಿಯ 6.2 ಲೀಟರ್ ಎಲ್‌ಟಿ2 ಕ್ರಾಸ್‌ಪ್ಲೇನ್ ಎಂಜಿನ್. ಕವಾಟಗಳನ್ನು ತಳ್ಳುಕೋಲುಗಳಿಂದ ನಡೆಸುವ ಹಳೆಯ ಅಮೆರಿಕನ್ ಪದ್ಧತಿಯದು. 490 ಅಶ್ವಶಕ್ತಿ, 630 ನ್ಯೂಟನ್ ಮೀಟರ್ ಟಾರ್ಕ್. 2023ರ ಜೆಡ್06 ಮಾದರಿಯ 5.5 ಲೀಟರ್ ಎಲ್‌ಟಿ6 ಫ್ಲ್ಯಾಟ್‌ಪ್ಲೇನ್ ಎಂಜಿನ್ 670 ಅಶ್ವಶಕ್ತಿಯನ್ನು 8,400 ಆರ್‌ಪಿಎಂನಲ್ಲಿ ಕೊಡುತ್ತದೆ, 8,600ರವರೆಗೆ ಸುತ್ತುತ್ತದೆ. ಅದರ ಟಾರ್ಕ್ ಸುಮಾರು 623 ನ್ಯೂಟನ್ ಮೀಟರ್, ಅಂದರೆ ಅಗ್ಗದ ಎಂಜಿನ್ನಿಗಿಂತ ತುಸು ಕಡಿಮೆಯೇ. 180 ಅಶ್ವಶಕ್ತಿಯ ವ್ಯತ್ಯಾಸವೆಲ್ಲ ಬಂದದ್ದು ಆರ್‌ಪಿಎಂನಿಂದ. ಸಂದಣಿಯ ರಸ್ತೆಯಲ್ಲಿ ಎರಡನ್ನೂ 3,000ದೊಳಗೆ ಓಡಿಸಿದರೆ ದುಬಾರಿ ಎಂಜಿನ್ನಿನ ಬೆಲೆ ಅಲ್ಲಿ ಕಾಣಿಸದು.

ಪೋರ್ಶೆ 911 ಈ ಭೇದವನ್ನು ಕ್ಯಾಟಲಾಗಿನಲ್ಲಿಯೇ ಇಟ್ಟಿದೆ. 992 ಪೀಳಿಗೆಯ ಆರಂಭದ ಕರೆರಾ 3.0 ಲೀಟರಿನ ಜೋಡಿ ಟರ್ಬೊ ಎಂಜಿನ್ನಿನಿಂದ 385 ಅಶ್ವಶಕ್ತಿ ಪಡೆಯುತ್ತಿತ್ತು. ಅದರ 450 ನ್ಯೂಟನ್ ಮೀಟರ್ ಟಾರ್ಕ್ 1,950ರಿಂದ 5,000 ಆರ್‌ಪಿಎಂವರೆಗೆ ಮಟ್ಟಸವಾಗಿ ಹರಡಿತ್ತು. 2021ರ ಜಿಟಿ3 ಮಾದರಿಯ 4.0 ಲೀಟರ್ ಎಂಜಿನ್ನಿಗೆ ಟರ್ಬೊ ಇಲ್ಲ, ಡ್ರೈ ಸಂಪ್ ಇದೆ. ಅದು 9,000 ಆರ್‌ಪಿಎಂವರೆಗೆ ಸುತ್ತಿ 510 ಅಶ್ವಶಕ್ತಿ ಕೊಡುತ್ತದೆ; 470 ನ್ಯೂಟನ್ ಮೀಟರ್ ಟಾರ್ಕ್ ಸಿಗುವುದು 6,100ರಲ್ಲಿ. ಟಾರ್ಕಿನ ಅಂಕಿ ಎರಡರಲ್ಲೂ ಹತ್ತಿರಹತ್ತಿರ, ಅದು ಸಿಗುವ ಜಾಗ ಮಾತ್ರ ಬಹುದೂರ.

ಎಂಜಿನ್ ಬದಲಿಸುವ ಪದ್ಧತಿ

ಹಗುರವಾದ ಕಾರಿಗೆ ಬೇರೆ ಕಾರಿನ ಬಲವಾದ ಎಂಜಿನ್ ಕೂಡಿಸುವುದು ಹಳೆಯ ರೂಢಿ. 1962ರಲ್ಲಿ ಅಮೆರಿಕದ ಕ್ಯಾರೊಲ್ ಶೆಲ್ಬಿ ಬ್ರಿಟನ್ನಿನ ಎಸಿ ಏಸ್ ಕಾರಿಗೆ ಫೋರ್ಡ್ ವಿ8 ಜೋಡಿಸಿ ಕೋಬ್ರಾ ರೂಪಿಸಿದ. 4.3 ಲೀಟರಿನಿಂದ ಆರಂಭವಾದ ಎಂಜಿನ್ ಬೇಗನೆ 4.7 ಲೀಟರಿಗೆ, 1965ರ ವೇಳೆಗೆ 7.0 ಲೀಟರಿಗೆ ಬೆಳೆಯಿತು. ಆ ದೈತ್ಯ ಎಂಜಿನ್ನಿಗಾಗಿ ದಪ್ಪ ಕೊಳವೆಗಳ ಹೊಸ ಚೌಕಟ್ಟು, ಹೊಸ ಸಸ್ಪೆನ್ಷನ್ ಕಟ್ಟಬೇಕಾಯಿತು. ಆದರೆ ಅದೇ 1965ರಲ್ಲಿ ಜಿಟಿ ತಯಾರಕರ ವಿಶ್ವ ಚಾಂಪಿಯನ್‌ಷಿಪ್ ಗೆದ್ದುಕೊಟ್ಟದ್ದು 4.7 ಲೀಟರಿನ ಡೇಟೋನಾ ಕೂಪೆ. ಎಂಜಿನ್ ಬದಲಿಸುವುದೆಂದರೆ ಕ್ಲಚ್, ಗೇರ್‌ಬಾಕ್ಸ್, ಆಕ್ಸಲ್, ಬ್ರೇಕ್, ರೇಡಿಯೇಟರುಗಳ ಸರಪಳಿಯನ್ನೇ ಬದಲಿಸುವುದು ಎಂಬ ಪಾಠ ಕೋಬ್ರಾದಲ್ಲಿದೆ.

1957ರಲ್ಲಿ ಕಾಲಿನ್ ಚಾಪ್ಮನ್‌ನ ಲೋಟಸ್ ಸಂಸ್ಥೆ ತಂದ, 1973ರಿಂದ ಕೇಟರ್‌ಹ್ಯಾಮ್ ತಯಾರಿಸುತ್ತಿರುವ ಸೆವೆನ್ ಕಾರು ಇದಕ್ಕೆ ವಿರುದ್ಧ ತುದಿಯ ಉದಾಹರಣೆ. ಒಂದೇ ಬಗೆಯ ಸರಳ ಚೌಕಟ್ಟಿಗೆ ಕೊಳ್ಳುವವನ ಉದ್ದೇಶಕ್ಕೆ ತಕ್ಕ ಎಂಜಿನ್ ಹಾಕಿಕೊಡುತ್ತಾರೆ. 2013ರ ಸೆವೆನ್ 160ಯಲ್ಲಿ ಸುಜುಕಿಯ 660 ಸಿಸಿ, ಮೂರು ಸಿಲಿಂಡರಿನ 80 ಅಶ್ವಶಕ್ತಿಯ ಟರ್ಬೊ ಎಂಜಿನ್ನಿತ್ತು. ಹಳ್ಳಿಯ ಕಿರುದಾರಿಗಳ ಸವಾರಿಗೆ ಅದು ಸಾಕು. ಟ್ರ್ಯಾಕಿಗೆಂದೇ ಬಂದ 620ಆರ್‌ನಲ್ಲಿ ಫೋರ್ಡ್ ಮೂಲದ, ಸೂಪರ್‌ಚಾರ್ಜರ್ ಇರುವ 2.0 ಲೀಟರ್ ಎಂಜಿನ್ 310 ಅಶ್ವಶಕ್ತಿ ಕೊಡುತ್ತಿತ್ತು. ಮಾಜ್ದಾ ಎಂಎಕ್ಸ್-5ಗೆ ಹೋಂಡಾದ ನಾಲ್ಕು ಸಿಲಿಂಡರ್ ಎಂಜಿನ್ನನ್ನೋ ಜನರಲ್ ಮೋಟರ್ಸ್‌ನ ಎಲ್‌ಎಸ್ ಕುಟುಂಬದ ಅಲ್ಯೂಮಿನಿಯಮ್ ವಿ8ನ್ನೋ ಕೂಡಿಸುವುದು ಇಂದು ಜನಪ್ರಿಯ. ಎಲ್‌ಎಸ್ ತಳ್ಳುಕೋಲು ಪದ್ಧತಿಯದಾದ್ದರಿಂದ ಅದರ ತಲೆಭಾಗ ಸಣ್ಣದು. ಗಾತ್ರ ದೊಡ್ಡದಿದ್ದರೂ ಹೊರಮೈ ಅಡಕವಾಗಿರುವುದು ಅದರ ಜನಪ್ರಿಯತೆಗೆ ಕಾರಣ.

ಸ್ಪರ್ಧೆಯ ನಿಯಮಗಳು

ಟ್ರ್ಯಾಕಿನಲ್ಲಿ ಖಾಸಗಿಯಾಗಿ ಓಡಿಸುವವನಿಗೆ ಎಂಜಿನ್ ಆಯ್ಕೆ ಮುಕ್ತ. ರೇಸಿಗೆ ಇಳಿಯುವವನಿಗೆ ನಿಯಮಪುಸ್ತಕವೇ ಆಯ್ಕೆ ಮಾಡಿಕೊಡುತ್ತದೆ. ಹಲವು ವರ್ಗಗಳು ಎಂಜಿನ್ ಗಾತ್ರದ ಮೇಲೆ ವಿಭಾಗಿಸಲ್ಪಟ್ಟಿವೆ. ಅಂತರರಾಷ್ಟ್ರೀಯ ನಿಯಮಗಳಲ್ಲಿ ಟರ್ಬೊ ಪೆಟ್ರೋಲ್ ಎಂಜಿನ್ನಿನ ಗಾತ್ರವನ್ನು 1.7ರಿಂದ ಗುಣಿಸಿ ವರ್ಗ ನಿರ್ಧರಿಸುವ ಪದ್ಧತಿ ಇದೆ. ಜಿಟಿ ರೇಸುಗಳಲ್ಲಿ ಗಾಳಿಯ ದಾರಿಗೆ ಕಿರಿದಾದ ಉಂಗುರ ಹಾಕಿ ಎಲ್ಲರ ಸಾಮರ್ಥ್ಯವನ್ನೂ ಸರಿದೂಗಿಸುತ್ತಾರೆ. ಇದರಿಂದಾಗಿ 2020ರಲ್ಲಿ ಓಟಕ್ಕಿಳಿದ ಕಾರ್ವೆಟ್ ಸಿ8.ಆರ್ ರೇಸ್ ಕಾರಿನ 5.5 ಲೀಟರ್ ಎಂಜಿನ್ ಸುಮಾರು 500 ಅಶ್ವಶಕ್ತಿಗೆ ಸೀಮಿತವಾಗಿತ್ತು. ಅದರ ರಸ್ತೆ ರೂಪಕ್ಕೆ ಇದಕ್ಕಿಂತ ಹೆಚ್ಚು ಶಕ್ತಿಯಿದೆ.

ಖರ್ಚನ್ನು ಹಿಡಿತದಲ್ಲಿಡಲು ಒಂದೇ ಎಂಜಿನ್ನಿನ ವರ್ಗಗಳೂ ಇವೆ. 1967ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಫಾರ್ಮುಲಾ ಫೋರ್ಡ್, ಅಮೆರಿಕದ ಸ್ಪೆಕ್ ಮಿಯಾಟಾ ಇಂಥವು. ಭಾರತದಲ್ಲಿ ಎಲ್‌ಜಿಬಿ ಫಾರ್ಮುಲಾ ಕಾರುಗಳು ಮಾರುತಿ ಸುಜುಕಿಯ ಸಾಮಾನ್ಯ ಕಾರಿನ ಎಂಜಿನ್ನಿನಲ್ಲಿ ಓಡುತ್ತವೆ. ಇಲ್ಲಿ ಗೆಲುವು ಚಾಲಕನ ಕೈಚಳಕದ್ದು.

ಟ್ರ್ಯಾಕಿನ ರೂಪವೂ ಲೆಕ್ಕಕ್ಕೆ ಬರುತ್ತದೆ. ಗ್ರೇಟರ್ ನೊಯ್ಡಾದ 5.1 ಕಿಲೋಮೀಟರಿನ ಬುದ್ಧ ಸರ್ಕಿಟ್‌ನಲ್ಲಿ ಒಂದು ಕಿಲೋಮೀಟರಿಗೂ ಮೀರಿದ ನೇರದಾರಿಯಿದ್ದು ಗರಿಷ್ಠ ಸಾಮರ್ಥ್ಯಕ್ಕೆ ಬೆಲೆ ಬರುತ್ತದೆ. ಕೊಯಮತ್ತೂರಿನ ಚಿಕ್ಕ ಕರಿ ಸ್ಪೀಡ್‌ವೇನಲ್ಲಿ ಹಗುರವಾದ, ತಿರುವಿನಿಂದ ಚುರುಕಾಗಿ ಹೊರಬರುವ ಕಾರಿಗೆ ಅನುಕೂಲ.

ಇಂಧನ ಮತ್ತು ಕಾನೂನು

ಸಿಲಿಂಡರಿನೊಳಗಿನ ಮಿಶ್ರಣವನ್ನು ಎಷ್ಟು ಪಟ್ಟು ಅಮುಕಲಾಗುತ್ತದೆ ಎಂಬ ಸಂಪೀಡನ ಅನುಪಾತ ಹೆಚ್ಚಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ಸಿಗುತ್ತದೆ, ನಾಕಿಂಗ್ ಅಪಾಯವೂ ಏರುತ್ತದೆ. ಅದನ್ನು ತಡೆಯುವ ಗುಣದ ಅಳತೆ ಆಕ್ಟೇನ್ ಸಂಖ್ಯೆ. ಭಾರತದ ಬಂಕುಗಳ ಸಾಮಾನ್ಯ ಪೆಟ್ರೋಲ್ ಬಹುಕಾಲ 91 ಆಕ್ಟೇನಿನದಾಗಿತ್ತು. 95 ಆಕ್ಟೇನ್ ಹಲವೆಡೆ, 100 ಆಕ್ಟೇನ್ ಆಯ್ದ ನಗರಗಳಲ್ಲಿ ಸಿಗುತ್ತದೆ. 12.5:1 ಅನುಪಾತದ ಟ್ರ್ಯಾಕ್ ಎಂಜಿನ್ನಿಗೆ ಕಡಿಮೆ ಆಕ್ಟೇನಿನ ಇಂಧನ ಹಾಕಿದರೆ ಗಣಕ ಕಿಡಿಯನ್ನು ಹಿಂದೆ ಸರಿಸಿ, ಹಣ ಕೊಟ್ಟು ಕೊಂಡ ಅಶ್ವಶಕ್ತಿಯನ್ನು ಕಿತ್ತುಕೊಳ್ಳುತ್ತದೆ. ಎಥನಾಲ್‌ನ ಆಕ್ಟೇನ್ ಹೆಚ್ಚು, ಆದರೆ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿನ ಮೂರನೆಯ ಎರಡರಷ್ಟು ಮಾತ್ರ. ಎಥನಾಲ್ ಬೆರಕೆ ಹೆಚ್ಚಿದಂತೆ ಇಂಧನದ ಕೊಳವೆ, ಇಂಜೆಕ್ಟರುಗಳು ಅದಕ್ಕೆ ಹೊಂದುವಂಥವಾಗಿರಬೇಕು.

ರಸ್ತೆಯಲ್ಲಿ ಓಡುವ ಕಾರಿನ ಎಂಜಿನ್ ಬದಲಿಸಲು ಎಲ್ಲ ದೇಶಗಳಲ್ಲೂ ಮುಕ್ತ ಅವಕಾಶವಿಲ್ಲ. ಭಾರತದಲ್ಲಿ 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಟನ್ನು ನಿರ್ಬಂಧಿಸುತ್ತದೆ; 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಜರ್ಮನಿಯಲ್ಲಿ ಮಾರ್ಪಾಟಿಗೆ ಅಧಿಕೃತ ತಪಾಸಣೆಯ ಒಪ್ಪಿಗೆ ಬೇಕು. ಟ್ರೈಲರಿನಲ್ಲಿ ಹೇರಿಕೊಂಡು ಹೋಗಿ ಟ್ರ್ಯಾಕಿನಲ್ಲಷ್ಟೇ ಓಡಿಸುವ ಕಾರಿಗೆ ಈ ತೊಡಕಿಲ್ಲ, ಆದರೆ ಹಲವು ಟ್ರ್ಯಾಕುಗಳಲ್ಲಿ ಸದ್ದಿನ ಮಿತಿಯಿದೆ.

ವಿದ್ಯುತ್ತಿನ ನೆರವು

ವಿದ್ಯುತ್ ಮೋಟರ್ ಸೊನ್ನೆ ಆರ್‌ಪಿಎಂನಿಂದಲೇ ಪೂರ್ಣ ಟಾರ್ಕ್ ಕೊಡುವುದರಿಂದ ರಸ್ತೆಯ ಬೇಡಿಕೆಗೆ ಸಹಜವಾಗಿ ಒಗ್ಗುತ್ತದೆ. ಟ್ರ್ಯಾಕಿನಲ್ಲಿ ಬ್ಯಾಟರಿಯ ತೂಕ ಮತ್ತು ಬಿಸಿ ಅದರ ಮಿತಿಗಳು. ಮಿಶ್ರ ವಿಧಾನದಲ್ಲಿ ಮೋಟರ್ ಎಂಜಿನ್ನಿನ ಕೊರತೆಯನ್ನಷ್ಟೇ ತುಂಬುತ್ತದೆ. 2024ರ ಪೋರ್ಶೆ 911 ಕರೆರಾ ಜಿಟಿಎಸ್‌ನ 3.6 ಲೀಟರ್ ಎಂಜಿನ್ನಿನಲ್ಲಿ ಟರ್ಬೊವಿನ ಚಕ್ರವನ್ನೇ ವಿದ್ಯುತ್ ಮೋಟರ್ ಸುತ್ತಿಸಿ ವಿಳಂಬವನ್ನು ಅಳಿಸುತ್ತದೆ. ಒಟ್ಟು 541 ಅಶ್ವಶಕ್ತಿ.

ಎರಡಕ್ಕೂ ಒಂದೇ ಕಾರು

ವಾರವಿಡೀ ರಸ್ತೆಯಲ್ಲಿ ಓಡಿ ತಿಂಗಳಿಗೊಮ್ಮೆ ಟ್ರ್ಯಾಕಿಗೆ ಹೋಗುವ ಕಾರಿಗೆ ಎರಡೂ ತುದಿಗಳ ಎಂಜಿನ್ ಹೊಂದದು. ಹಗುರವಾದ ಕಾರಿನಲ್ಲಿ, ತಯಾರಕರ ಮೂಲ ಸ್ಥಿತಿಯಲ್ಲಿರುವ, ಅಗಲವಾದ ಟಾರ್ಕ್ ಪಟ್ಟಿಯ ಮಧ್ಯಮ ಗಾತ್ರದ ಎಂಜಿನ್ ಇಂಥಲ್ಲಿ ಹೆಚ್ಚು ಬಾಳುತ್ತದೆ. ಅಶ್ವಶಕ್ತಿ ಏರಿಸುವ ಮೊದಲು ಎಣ್ಣೆಯ ಕೂಲರ್, ತಟ್ಟೆಯ ತಡೆಗೋಡೆ, ದೊಡ್ಡ ರೇಡಿಯೇಟರ್, ಬಿಸಿ ತಾಳುವ ಬ್ರೇಕ್ ದ್ರವ ಮತ್ತು ಒಳ್ಳೆಯ ಟೈರುಗಳಿಗೆ ಹಣ ಹಾಕುವುದು ಅನುಭವಿಗಳ ಕ್ರಮ. ತಿರುವುಗಳಲ್ಲಿ ಲ್ಯಾಪಿನ ಸಮಯವನ್ನು ನಿರ್ಧರಿಸುವುದು ಟೈರಿನ ಹಿಡಿತ. ಹೆಚ್ಚುವರಿ ಅಶ್ವಶಕ್ತಿ ನೆರವಾಗುವುದು ನೇರದಾರಿಯಲ್ಲಿ ಮಾತ್ರ, ಅದೂ ಎಂಜಿನ್ ಕೊನೆಯ ಲ್ಯಾಪಿನವರೆಗೆ ತಂಪಾಗಿ ಉಳಿದಿದ್ದರೆ.